ಕೂಸಿನ ಇಸಬಿಗೂ ಅಮ್ಮನ ಬಸಿರಿಗೂ ಏನು ನಂಟು?

ಪ್ರಶ್ನೆ: ಡಾಕ್ಟರೇ, ನನ್ನ ಮಗನಿಗೆ ಈಗ ಐದು ತಿಂಗಳು. ಎರಡನೇ ತಿಂಗಳಲ್ಲೇ ಕೆನ್ನೆ ಕೆಂಪಾಗಿ ಹೊಟ್ಟೇಳತೊಡಗಿತು. ಈಗ ಹಣೆಗೂ ಕೈಕಾಲಿನ ಹೊರಭಾಗಕ್ಕೂ ಹರಡಿದೆ. ರಾತ್ರಿ ನಿದ್ದೆಗಣ್ಣಲ್ಲೇ ಕೆನ್ನೆಯನ್ನು ಹಾಸಿಗೆಗೆ ತಿಕ್ಕುತ್ತಾನೆ. ಚರ್ಮದ ಡಾಕ್ಟರು ಎಕ್ಸಿಮಾ ಅಂದರು. ಬಸುರಿಯಾಗಿದ್ದಾಗ ನಾನು ಬದನೆಕಾಯಿ, ಮೊಟ್ಟೆ, ಕಡಲೆಕಾಯಿ ತಿಂದಿದ್ದರಿಂದ ನಂಜು ಮಗುವಿಗೆ ಇಳಿದಿದೆ ಎಂದು ಅತ್ತೆ ಹೇಳುತ್ತಾರೆ. ಈಗ ನನಗೆ ಅನ್ನ, ಮೆಣಸಿನ ಸಾರು ಬಿಟ್ಟರೆ ಬೇರೇನೂ ಇಲ್ಲ. ತಪ್ಪು ನನ್ನದೇ?
– ಒಬ್ಬ ತಾಯಿ, ತಿಪಟೂರು

ಉತ್ತರ: ಇಲ್ಲ, ತಪ್ಪು ನಿಮ್ಮದಲ್ಲ. ಇಸಬು, ಅಂದರೆ ಎಕ್ಸಿಮಾ, ಬಂದ ಕೂಸನ್ನು ಎತ್ತಿಕೊಂಡು ಬರುವ ತಾಯಂದಿರಲ್ಲಿ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆಯೇ ಇದು. ಔಷಧಿಯ ಮಾತು ಆಮೇಲೆ ಬರುತ್ತದೆ.

ಗರ್ಭದಲ್ಲಿ ನಿಜಕ್ಕೂ ಏನಾಗುತ್ತದೆ ಎಂಬುದನ್ನು ನೋಡೋಣ. ಮಗುವಿನ ಚರ್ಮದ ಹೊರಪದರ ಗಟ್ಟಿಯಾಗತೊಡಗುವುದು ಸುಮಾರು ಆರನೇ ತಿಂಗಳಲ್ಲಿ. 34 ವಾರಗಳ ಹೊತ್ತಿಗೆ ಅದು ಬಹುಮಟ್ಟಿಗೆ ಪೂರ್ಣವಾಗಿರುತ್ತದೆ. ಈ ಪದರವನ್ನು ಬಿಗಿಯಾಗಿ ಹಿಡಿದಿಡುವ ಕೆಲಸ ಫಿಲಾಗ್ರಿನ್ ಎಂಬ ಪ್ರೋಟೀನಿನದು. ಅದರ ವಂಶವಾಹಿಯಲ್ಲಿ ದೋಷವಿದ್ದವರಿಗೆ ಎಕ್ಸಿಮಾ ಬರುವ ಸಂಭವ ಬಹಳ ಹೆಚ್ಚು ಎಂಬುದನ್ನು ಸ್ಕಾಟ್ಲೆಂಡ್‌ನ ಡಂಡಿ ವಿಶ್ವವಿದ್ಯಾಲಯದ ವಿಜ್ಞಾನಿಗಳ ತಂಡ 2006ರಲ್ಲಿ ತೋರಿಸಿಕೊಟ್ಟಿತು. ಆ ದೋಷ ತಾಯಿಯಿಂದ ಬಂದಿರಬಹುದು, ತಂದೆಯಿಂದಲೂ ಬಂದಿರಬಹುದು. ಗಾರೆ ಉದುರಿದ ಗೋಡೆಯ ಸಂದುಗಳಲ್ಲಿ ಆಗುವಂತೆ ಇಂಥ ಚರ್ಮದಲ್ಲಿ ಒಳಗಿನ ತೇವ ಹೊರಗೆ ಹೋಗುತ್ತದೆ, ಹೊರಗಿನ ಧೂಳು, ಸೋಪು, ಸೂಕ್ಷ್ಮಾಣುಗಳು ಒಳಗೆ ಬರುತ್ತವೆ. ಎಕ್ಸಿಮಾ ಬಂದ ಎಲ್ಲ ಮಕ್ಕಳಲ್ಲೂ ಈ ದೋಷ ಇರುವುದಿಲ್ಲ. ಆದರೆ ಚರ್ಮದ ಈ ಸಡಿಲತನ ಎಕ್ಸಿಮಾ ಇರುವ ಎಲ್ಲ ಕೂಸುಗಳಲ್ಲೂ ಒಂದಲ್ಲ ಒಂದು ಪ್ರಮಾಣದಲ್ಲಿ ಇದ್ದೇ ಇರುತ್ತದೆ.

ಇನ್ನೊಂದು ಸಂಗತಿಯೂ ಇದೆ. ಅರ್ಧ ಭಾಗ ತಂದೆಯದಾದ ಮಗುವನ್ನು ತಾಯಿಯ ದೇಹ ಪರಕೀಯವೆಂದು ತಳ್ಳಿಹಾಕಬಾರದಲ್ಲ, ಅದಕ್ಕಾಗಿ ಬಸಿರಿನ ಒಂಬತ್ತು ತಿಂಗಳು ರೋಗನಿರೋಧಕ ವ್ಯವಸ್ಥೆ ಒಂದು ಕಡೆಗೆ ವಾಲಿಕೊಂಡಿರುತ್ತದೆ. ಹುಟ್ಟಿದ ಮಗುವಿನಲ್ಲೂ ಆ ವಾಲಿಕೆ ಉಳಿದಿರುತ್ತದೆ. ಅಲರ್ಜಿಯ ಪ್ರತಿಕ್ರಿಯೆಗಳೂ ಅದೇ ಕಡೆಯವು. ಬಹುತೇಕ ಮಕ್ಕಳಲ್ಲಿ ಕೆಲವು ತಿಂಗಳಲ್ಲಿ ಇದು ಸಮತೋಲನಕ್ಕೆ ಬರುತ್ತದೆ. ಅಲರ್ಜಿಯ ಮನೆತನದ ಕೆಲವು ಮಕ್ಕಳಲ್ಲಿ ಅಷ್ಟು ಬೇಗ ಬರುವುದಿಲ್ಲ. ನಿಮ್ಮ ಮನೆಯಲ್ಲಿ ಯಾರಿಗಾದರೂ ಅಸ್ತಮಾ, ಬೆಳಗಿನ ಹೊತ್ತು ಸಾಲುಸಾಲು ಸೀನು, ಚಿಕ್ಕಂದಿನಲ್ಲಿ ಇಸಬು ಇತ್ತೇ ಎಂದು ಕೇಳಿ ನೋಡಿ. ಅತ್ತೆಯವರನ್ನೂ ಕೇಳಿ. ಎಷ್ಟೋ ಸಲ ಉತ್ತರ ಅಲ್ಲೇ ಸಿಗುತ್ತದೆ.

ಇನ್ನು ಬದನೆಕಾಯಿ, ಮೊಟ್ಟೆ, ಕಡಲೆಕಾಯಿಯ ವಿಷಯ. ಬಸುರಿಯರು ಮೊಟ್ಟೆ, ಹಾಲಿನಂಥ ಆಹಾರ ಬಿಟ್ಟರೆ ಮಗುವಿಗೆ ಎಕ್ಸಿಮಾ ತಪ್ಪುತ್ತದೆಯೇ ಎಂದು ನಡೆದ ಅಧ್ಯಯನಗಳನ್ನು ಕಾಕ್ರೇನ್ ಸಂಸ್ಥೆ ಒಟ್ಟಿಗೆ ತೂಗಿ ನೋಡಿದೆ. ತಪ್ಪುತ್ತದೆ ಎನ್ನಲು ಆಧಾರ ಸಿಗಲಿಲ್ಲ. ಪಥ್ಯ ಮಾಡಿದವರ ತೂಕ, ಪೋಷಣೆ ಕುಂದುವ ಭಯವಂತೂ ಇದ್ದೇ ಇದೆ. ಹಾಲೂಡಿಸುವ ಬಾಣಂತಿಗೆ ಬರೀ ಅನ್ನ, ಸಾರು ಸಾಲದು. ಇವತ್ತಿನಿಂದಲೇ ಬೇಳೆ, ಸೊಪ್ಪು, ಮೊಟ್ಟೆ, ಮೊಸರು ಎಲ್ಲ ತಿನ್ನಿ. ನೀವು ಒಂದು ಪದಾರ್ಥ ತಿಂದಾಗಲೆಲ್ಲ, ಪ್ರತಿ ಸಲವೂ, ಕೆಲವೇ ಗಂಟೆಗಳಲ್ಲಿ ಮಗುವಿಗೆ ದದ್ದು ಎದ್ದರೆ ಅಥವಾ ಮಲದಲ್ಲಿ ರಕ್ತ ಕಂಡರೆ ಮಾತ್ರ ವೈದ್ಯರಿಗೆ ಹೇಳಿ. ಆಗ ಅದೊಂದನ್ನೇ ಪರೀಕ್ಷಿಸಬಹುದು.

ಪ್ರಶ್ನೆ: ಮೊದಲ ಮಗಳಿಗೆ ಎಕ್ಸಿಮಾ ಇದೆ. ನನ್ನ ಗಂಡನಿಗೆ ಅಸ್ತಮಾ. ಈಗ ಮತ್ತೆ ನಾಲ್ಕು ತಿಂಗಳ ಬಸುರಿ. ವಿಟಮಿನ್ ಡಿ, ಪ್ರೋಬಯಾಟಿಕ್, ಮೀನೆಣ್ಣೆ ತಗೊಂಡರೆ ಈ ಮಗುವಿಗೆ ಬರುವುದಿಲ್ಲವಂತೆ, ನಿಜವೇ?
– ಮೈಸೂರು

ಉತ್ತರ: ಬರುವುದೇ ಇಲ್ಲ ಎಂದು ಯಾರೂ ಮಾತು ಕೊಡಲಾರರು. ಕೊಟ್ಟವರನ್ನು ನಂಬಬೇಡಿ.

ಈ ಮೂರರಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ವಿಟಮಿನ್ ಡಿ. ಇಂಗ್ಲೆಂಡಿನ ಸೌತಾಂಪ್ಟನ್‌ನ ವೈದ್ಯರು ಬಸುರಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸುಮಾರು 14ನೇ ವಾರದಿಂದ ಹೆರಿಗೆಯವರೆಗೆ ದಿನಕ್ಕೆ 1000 ಯೂನಿಟ್ ವಿಟಮಿನ್ ಡಿ ಕೊಟ್ಟರು, ಇನ್ನೊಂದಕ್ಕೆ ತೋರಿಕೆಯ ಮಾತ್ರೆ. 2022ರಲ್ಲಿ ಫಲಿತಾಂಶ ಪ್ರಕಟವಾಯಿತು. ವಿಟಮಿನ್ ಪಡೆದ ತಾಯಂದಿರ ಮಕ್ಕಳಲ್ಲಿ ಒಂದು ವರ್ಷದ ಹೊತ್ತಿಗೆ ಎಕ್ಸಿಮಾ ಕಡಿಮೆಯಿತ್ತು. ಒಂದು ತಿಂಗಳಿಗಿಂತ ಹೆಚ್ಚು ಎದೆಹಾಲು ಕುಡಿದವರಲ್ಲಿ ಈ ಲಾಭ ಇನ್ನೂ ಸ್ಪಷ್ಟವಾಗಿ ಕಂಡಿತು. ಆದರೆ ಎರಡು ಮತ್ತು ನಾಲ್ಕು ವರ್ಷಕ್ಕೆ ನೋಡಿದಾಗ ಆ ವ್ಯತ್ಯಾಸ ಉಳಿದಿರಲಿಲ್ಲ. ನನ್ನ ಮಟ್ಟಿಗೆ ಇದೂ ಸಣ್ಣ ಲಾಭವಲ್ಲ. ಕೂಸೂ ತಾಯಿಯೂ ನಿದ್ದೆಗೆಡುವುದು ಆ ಮೊದಲ ವರ್ಷದಲ್ಲೇ ತಾನೇ?

ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕನೇ ತಿಂಗಳಿನಿಂದ ಕೊಡುವ ಕ್ಯಾಲ್ಸಿಯಂ ಮಾತ್ರೆಯಲ್ಲಿ 250 ಯೂನಿಟ್ ವಿಟಮಿನ್ ಡಿ ಇರುತ್ತದೆ. ದಿನಕ್ಕೆ ಎರಡು ನುಂಗಿದರೆ 500 ಆಯಿತು. ಎಷ್ಟೋ ಮನೆಗಳಲ್ಲಿ ಆ ಮಾತ್ರೆ ಕಪಾಟಿನಲ್ಲೇ ಉಳಿಯುತ್ತದೆ, ಅದನ್ನು ಮೊದಲು ನುಂಗಿ. ಕಬ್ಬಿಣದ ಮಾತ್ರೆಯ ಜೊತೆಗೆ ಬೇಡ, ಬೇರೆ ಹೊತ್ತಿನಲ್ಲಿ. ಹೆಚ್ಚು ಬೇಕೇ ಎಂಬುದನ್ನು ನಿಮ್ಮ ಹೆರಿಗೆ ಡಾಕ್ಟರು ಹೇಳಲಿ. ಮೆಡಿಕಲ್ ಶಾಪಿನಲ್ಲಿ ಸಿಗುವ 60,000 ಯೂನಿಟ್‌ನ ಪುಡಿ ಪೊಟ್ಟಣವನ್ನು ನೀವಾಗಿಯೇ ತಂದು ಹಾಲಿಗೆ ಬೆರೆಸಿ ಕುಡಿಯಬೇಡಿ.

ಪ್ರೋಬಯಾಟಿಕ್ ಬಗ್ಗೆ ಆಸೆ ಹುಟ್ಟಿಸಿದ್ದು ಫಿನ್ಲೆಂಡಿನ ತುರ್ಕು ನಗರದ 2001ರ ಅಧ್ಯಯನ. ಅಲರ್ಜಿಯ ಮನೆತನದ ಬಸುರಿಯರಿಗೆ, ಆಮೇಲೆ ಹುಟ್ಟಿದ ಮಗುವಿಗೂ, ಲ್ಯಾಕ್ಟೋಬ್ಯಾಸಿಲಸ್ ಕೊಟ್ಟಾಗ ಎರಡು ವರ್ಷದ ಹೊತ್ತಿಗೆ ಎಕ್ಸಿಮಾ 46 ಪ್ರತಿಶತದಿಂದ 23ಕ್ಕೆ ಇಳಿದಿತ್ತು. ಮುಂದೆ ಬೇರೆ ಕಡೆ ನಡೆದ ಅಧ್ಯಯನಗಳು ಒಂದೇ ಮಾತು ಹೇಳಲಿಲ್ಲ. ತೆಗೆದುಕೊಂಡರೆ ತೊಂದರೆ ಕಡಿಮೆ, ಲಾಭ ಖಚಿತವಿಲ್ಲ, ಖರ್ಚು ಜಾಸ್ತಿ. ಮೀನೆಣ್ಣೆಯದೂ ಬಹುಮಟ್ಟಿಗೆ ಇದೇ ಕಥೆ. ಮೀನು ತಿನ್ನುವವರಾದರೆ ಬೂತಾಯಿಯನ್ನೋ ಬಂಗುಡೆಯನ್ನೋ ವಾರಕ್ಕೆ ಎರಡು ಸಲ ಮಾಡಿ ತಿನ್ನಿ, ಅದು ಹೇಗೂ ಒಳ್ಳೆಯದೇ.

ಇದೇ ಸೌತಾಂಪ್ಟನ್‌ನಿಂದ 2016ರಲ್ಲಿ ಬಂದ ಇನ್ನೊಂದು ವರದಿಯಲ್ಲಿ, ಬಸಿರಿನ ಕೊನೆಯ ತಿಂಗಳುಗಳಲ್ಲಿ ರಕ್ತದಲ್ಲಿ ನಿಕೋಟಿನಮೈಡ್, ಅಂದರೆ ಬಿ3 ವಿಟಮಿನ್ನಿನ ಒಂದು ರೂಪ, ಹೆಚ್ಚಿದ್ದ ತಾಯಂದಿರ ಮಕ್ಕಳಿಗೆ ವರ್ಷದ ಹೊತ್ತಿಗೆ ಎಕ್ಸಿಮಾ ಕಡಿಮೆ ಎಂದಿದೆ. ಇದು ಬರೀ ನಂಟು, ಕಾರಣವೆಂದು ಸಿದ್ಧವಾಗಿಲ್ಲ. ಅದಕ್ಕಾಗಿ ಮಾತ್ರೆ ನುಂಗುವ ಅಗತ್ಯವಿಲ್ಲ. ಬಿ3 ಸಿಗುವುದು ಮೀನು, ಕೋಳಿ, ಅಣಬೆ, ಕಡಲೆಕಾಯಿಯಲ್ಲಿ. ನಂಜೆಂದು ಬಸುರಿಯ ತಟ್ಟೆಯಿಂದ ಎತ್ತಿಡುವ ಕಡಲೆಕಾಯಿಯೇ ಇಲ್ಲಿದೆ ನೋಡಿ.

ಪ್ರಶ್ನೆ: ಆರನೇ ತಿಂಗಳಲ್ಲಿ ಅಪ್ಪ ತೀರಿಕೊಂಡರು. ಹೆರಿಗೆಯಾಗುವವರೆಗೂ ಅಳುತ್ತಲೇ ಇದ್ದೆ. ತಾಯಿಯ ದುಃಖದಿಂದ ಮಗುವಿಗೆ ಚರ್ಮರೋಗ ಬರುತ್ತದೆ ಎಂದು ಎಲ್ಲೋ ಓದಿದೆ. ಮಗಳ ಕೈ ನೋಡಿದಾಗಲೆಲ್ಲ ಕರುಳು ಹಿಂಡುತ್ತದೆ.
– ಹೆಸರು, ಊರು ಬೇಡ

ಉತ್ತರ: ನಿಮ್ಮ ದುಃಖ ಸಹಜವಾದದ್ದು. ಅಪ್ಪನಿಗಾಗಿ ಅತ್ತದ್ದು ತಪ್ಪಲ್ಲ.

ನೀವು ಓದಿದ್ದು ಬಹುಶಃ ಫ್ರಾನ್ಸಿನ ತುಲೂಸ್‌ನ ಸಂಶೋಧಕರು 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸದ ಸುದ್ದಿ. ಅವರು ಗರ್ಭಿಣಿ ಇಲಿಗಳನ್ನು ಒತ್ತಡಕ್ಕೆ ಒಳಪಡಿಸಿದರು. ಮರಿಗಳ ಚರ್ಮದಲ್ಲಿರುವ ಮಾಸ್ಟ್ ಕೋಶಗಳು, ಅಂದರೆ ತುರಿಕೆಯ ರಾಸಾಯನಿಕಗಳನ್ನು ತುಂಬಿಕೊಂಡ ಕೋಶಗಳು, ಹುಟ್ಟುವ ಮೊದಲೇ ಕೆರಳಲು ಸಿದ್ಧವಾಗಿದ್ದವು. ಹುಟ್ಟಿದ ಮೇಲೆ ಚರ್ಮಕ್ಕೆ ಸ್ವಲ್ಪ ತಿಕ್ಕಾಟವಾದರೂ ಎಕ್ಸಿಮಾದಂಥ ಗಾಯ ಎದ್ದಿತು. ಇದು ಮಹತ್ವದ ಕೆಲಸ, ಮುಂದೆ ಚಿಕಿತ್ಸೆಗೆ ದಾರಿಯಾಗಬಹುದು. ಆದರೆ ಪಂಜರದ ಇಲಿಯ ಸಂಕಟವನ್ನು ನಿಮ್ಮ ಮನೆಯ ಸಾವಿಗೆ ನೇರವಾಗಿ ಹೊಂದಿಸಿ ನೋಡಲಾಗದು. ಮನುಷ್ಯರಲ್ಲಿ ಸೌತಾಂಪ್ಟನ್‌ನ ಸುಮಾರು 3000 ಮಕ್ಕಳನ್ನು ನೋಡಿದಾಗ, ಗರ್ಭ ಧರಿಸುವ ಮೊದಲೇ ತಾಯಿಗೆ ಒತ್ತಡ, ಬೇಸರವಿದ್ದ ಮಕ್ಕಳಲ್ಲಿ ಎಕ್ಸಿಮಾ ತುಸು ಹೆಚ್ಚಿತ್ತು. ತುಸು ಮಾತ್ರ. ದುಃಖವೇ ಇಲ್ಲದ ತಾಯಂದಿರ ಮಕ್ಕಳಿಗೂ ಇಸಬು ಬರುತ್ತದೆ, ದುಃಖಪಟ್ಟ ತಾಯಂದಿರ ಹೆಚ್ಚಿನ ಮಕ್ಕಳಿಗೆ ಬರುವುದೇ ಇಲ್ಲ.

ನನಗೆ ಚಿಂತೆ ನಿಮ್ಮದೇ. ಈಗಲೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಇವತ್ತೇ ಮನೆಯವರಿಗೆ ಹೇಳಿ, ವೈದ್ಯರನ್ನು ಕಾಣಿ. ‘ಟೆಲಿ ಮನಸ್’ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಬಸಿರಿನಲ್ಲಿ ಉರಿಮೂತ್ರಕ್ಕೆ ಆಂಟಿಬಯಾಟಿಕ್ ತಗೊಂಡಿದ್ದೆ. ಮಗುವಿಗೆ ಇಸಬು ಅದರಿಂದ ಆಯಿತೇ?
– ದಾವಣಗೆರೆ

ಉತ್ತರ: ಕೆಲವು ಅಧ್ಯಯನಗಳಲ್ಲಿ ಸಣ್ಣ ನಂಟು ಕಂಡಿದೆ, ಅಷ್ಟೆ. ಆ ಸೋಂಕನ್ನು ಹಾಗೇ ಬಿಟ್ಟಿದ್ದರೆ ಮೂತ್ರಪಿಂಡಕ್ಕೆ ಏರಬಹುದಿತ್ತು, ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯವೂ ಇತ್ತು. ತೆಗೆದುಕೊಂಡದ್ದು ಸರಿಯಾಗಿಯೇ ಇತ್ತು.

ಪ್ರಶ್ನೆ: ಮೊಮ್ಮಗುವಿಗೆ ಇಸಬು. ನಾನೇ ಎಣ್ಣೆ ಹಚ್ಚಿ, ಕಡಲೆಹಿಟ್ಟು ಹಾಕಿ, ಬಿಸಿಬಿಸಿ ನೀರು ಹೊಯ್ದು, ಸಾಂಬ್ರಾಣಿ ಹೊಗೆ ಕೊಡುತ್ತೇನೆ. ಸೊಸೆ ಬೇಡ ಅನ್ನುತ್ತಾಳೆ.
– ಒಬ್ಬ ಅಜ್ಜಿ, ಶಿರಸಿ

ಉತ್ತರ: ಅಮ್ಮಾ, ಕೊಬ್ಬರಿ ಎಣ್ಣೆ ಇರಲಿ, ಉಳಿದದ್ದನ್ನು ಸೊಸೆಯ ಮಾತಿನಂತೆ ಬಿಡೋಣ. ಕಡಲೆಹಿಟ್ಟು ಚರ್ಮ ಒಣಗಿಸುತ್ತದೆ, ತಿಕ್ಕುವಾಗ ಇದ್ದ ಪದರವೂ ಕೀಳುತ್ತದೆ. ಹೊಗೆಯಿಂದ ಚರ್ಮಕ್ಕೂ ಉಸಿರಿಗೂ ತೊಂದರೆ. ಉಗುರುಬೆಚ್ಚಗಿನ ನೀರಲ್ಲಿ ಐದು ಹತ್ತು ನಿಮಿಷದ ಸ್ನಾನ ಸಾಕು. ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ, ಮೈ ಇನ್ನೂ ತುಸು ತೇವವಿರುವಾಗಲೇ ವೈದ್ಯರು ಹೇಳಿದ ಮಾಯಿಶ್ಚರೈಸರ್ ಧಾರಾಳವಾಗಿ ಹಚ್ಚಿ. ದಿನಕ್ಕೆ ಎರಡು ಸಲ, ಇಸಬು ಮಾಯವಾಗಿದ್ದ ದಿನವೂ.

ಕೆಂಪಾಗಿ ಕೆರಳಿದ ಜಾಗಕ್ಕೆ ವೈದ್ಯರು ಕೊಡುವ ಸೌಮ್ಯ ಸ್ಟಿರಾಯ್ಡ್ ಮುಲಾಮಿಗೆ ಹೆದರಬೇಡಿ. ಟ್ಯೂಬಿನಿಂದ ದೊಡ್ಡವರ ತೋರುಬೆರಳಿನ ತುದಿಯ ಗೆಣ್ಣಿನಷ್ಟು ಉದ್ದ ಹಿಂಡಿದರೆ ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಅಂಗಡಿಯವರು ತುರಿಕೆಗೆಂದು ಕೊಡುವ, ಮೂರು ನಾಲ್ಕು ಔಷಧಿ ಬೆರೆತ ಕ್ರೀಮನ್ನು ಮಾತ್ರ ಕೂಸಿನ ಮೈಗೆ ಮುಟ್ಟಿಸಬೇಡಿ. ಅದರಲ್ಲಿ ಬಹಳ ಬಲವಾದ ಸ್ಟಿರಾಯ್ಡ್ ಇರುತ್ತದೆ, ಚರ್ಮ ತೆಳ್ಳಗಾಗುತ್ತದೆ. ಇಸಬಿದೆ ಎಂದು ಲಸಿಕೆ ತಪ್ಪಿಸಬೇಡಿ. ಇಸಬಿನ ಮೇಲೆ ಹಳದಿ ಹಕ್ಕಳೆ ಕಟ್ಟಿದರೆ, ನೀರು ಸೋರಿದರೆ, ಒಮ್ಮೆಲೇ ಗುಂಪು ಗುಂಪಾಗಿ ಸಣ್ಣ ಗುಳ್ಳೆಗಳೆದ್ದು ಜ್ವರ ಬಂದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.