ಕುದುರೆಯ ಬೆನ್ನಿಗೆ ಹೊರೆಯಾಗದ ಹಾಗೆ

ಮಗಳೇ, ನಿನ್ನ ಕೋಣೆಯ ಗೋಡೆಗೆ ಅಂಟಿಸಿರುವ ಹಾಳೆಯನ್ನು ಓದಿದೆ. ವರ್ಷ ಮುಗಿಯುವುದರೊಳಗೆ ಆರು ಕೆಜಿ ಇಳಿಸಬೇಕು, ನಿಲ್ಲದೆ ಹತ್ತು ಕಿಲೋಮೀಟರ್ ಓಡಬೇಕು, ಒಂದೇ ಸಲಕ್ಕೆ ಮೂವತ್ತು ದಂಡ ಹೊಡೆಯಬೇಕು, ಜೂಡೋದಲ್ಲಿ ಮುಂದಿನ ಬೆಲ್ಟ್ ಕಟ್ಟಬೇಕು, ಕುದುರೆಯ ಮೇಲೆ ಕ್ಯಾಂಟರ್ ಓಟ ಕಲಿಯಬೇಕು. ಬಿಡದಿಯ ಕಾರ್ಖಾನೆಯಲ್ಲಿ ವಾರಕ್ಕೊಂದು ಪಾಳಿ ಬದಲಾಗುವ ಕೆಲಸ ಮಾಡಿಕೊಂಡು ಇಷ್ಟನ್ನೆಲ್ಲ ಬಯಸಿದ್ದೀಯಲ್ಲ, ನನಗೆ ಹೆಮ್ಮೆಯಾಯಿತು. ಆದರೆ ಒಂದು ಸಂಗತಿ ಮನಸ್ಸಿಗೆ ಚುಚ್ಚಿತು. ಆ ಹಾಳೆಯಲ್ಲಿ ನಿನ್ನದು ಬಿಟ್ಟರೆ ಇನ್ನಾರ ಹೆಸರೂ ಇಲ್ಲ. ನೀನು ಹತ್ತುವ ಕುದುರೆಗೂ ಒಂದು ಹೆಸರಿದೆ, ನಿನ್ನೆದುರು ಚಾಪೆಯ ಮೇಲೆ ನಿಲ್ಲುವ ಹುಡುಗಿಗೂ ಇದೆ. ಅವರಿಬ್ಬರ ಸಲುವಾಗಿ ಈ ಮಾತು ಹೇಳುತ್ತಿದ್ದೇನೆ.

ನನ್ನನ್ನು ನೀನು ಪಿ.ಟಿ. ಮೇಷ್ಟ್ರು ಎಂದೇ ಬಲ್ಲೆ. ಅದಕ್ಕೂ ಮೊದಲು ನಾನು ಜಟಕಾ ಹೊಡೆಯುವವರ ಮಗ. ಚನ್ನಪಟ್ಟಣದ ರೈಲು ನಿಲ್ದಾಣದಿಂದ ಪೇಟೆಗೆ, ಸಂತೆಯ ದಿನ ಸುತ್ತಲ ಹಳ್ಳಿಗಳಿಗೆ ನನ್ನಪ್ಪ ಗಾಡಿ ಹೊಡೆಯುತ್ತಿದ್ದರು. ಕುದುರೆಗೆ ಮೇವು ಬಿದ್ದ ಮೇಲೇ ನಮಗೆ ಊಟ. ಅದಕ್ಕೆಂದು ಬೇಯಿಸಿದ ಹುರುಳಿಯ ಕಟ್ಟು ಬಸಿದು ಅವ್ವ ಸಾರು ಮಾಡುತ್ತಿದ್ದಳು. ಸಂಜೆ ನಾನು ಗರಡಿ ಮನೆಗೆ ಹೋಗುತ್ತಿದ್ದೆ. ಹದಿನಾರಕ್ಕೆಲ್ಲ ಬಸ್ಕಿಯ ಲೆಕ್ಕ ಐನೂರು ದಾಟಿತ್ತು, ತೋಳು ತುಂಬಿತ್ತು, ನೆಲ ಕಾಣುತ್ತಿರಲಿಲ್ಲ. ಒಂದು ಸಂಜೆ ಅಪ್ಪ ಮನೆಯಲ್ಲಿಲ್ಲದ ಹೊತ್ತು ನೋಡಿ, ದಿನವಿಡೀ ಗಾಡಿ ಎಳೆದು ಬಂದ ಕುದುರೆಯನ್ನು ಬಿಚ್ಚಿ, ಜೀನಿಲ್ಲದ ಬೆನ್ನಿನ ಮೇಲೆ ಕೂತು ಕಣ್ವ ಜಲಾಶಯದ ದಾರಿಯಲ್ಲಿ ನಾಗಾಲೋಟಕ್ಕೆ ಬಿಟ್ಟೆ. ಗೆಳೆಯರು ನೋಡಲಿ ಎಂಬುದೊಂದೇ ಕಾರಣ. ಮರುದಿನ ಅದು ಮುಂಗಾಲು ಊರಲಿಲ್ಲ. ಹನ್ನೊಂದು ದಿನ ಜಟಕಾ ನಿಂತಿತು. ಅಪ್ಪ ಹೊಡೆಯಲಿಲ್ಲ. ದಿನಕ್ಕೆ ಮೂರು ಸಲ ಅದರ ಕಾಲಿಗೆ ತಣ್ಣೀರು ಬಟ್ಟೆ ಸುತ್ತುವ ಕೆಲಸ ನನಗೆ ಕೊಟ್ಟರು. ಕೊನೆಯ ದಿನ ಇಷ್ಟೇ ಅಂದರು: ‘ಕಸುವು ಬಂದದೆ, ಸರಿ. ಅದನ್ನ ಯಾರ ಮೈಮೇಲೆ ಖರ್ಚು ಮಾಡ್ತೀಯ ನೋಡ್ಕೊ.’

ಆ ಮಾತನ್ನು ಈಗ ನಿನಗೆ ದಾಟಿಸುತ್ತಿದ್ದೇನೆ. ನಿನ್ನ ಗುರಿಗಳು ತಪ್ಪಲ್ಲ, ಅವುಗಳಿಗೆ ಸರಿಯಾದ ಕಾರಣ ಬೇಕು. ಆರು ಕೆಜಿ ಯಾಕೆ ಇಳಿಸಬೇಕು? ಕನ್ನಡಿಗಾಗಿ ಆದರೆ ಎರಡು ತಿಂಗಳಲ್ಲಿ ಬೇಸರ ಬರುತ್ತದೆ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದರಲ್ಲಿ ಒಂದು ಪಾಲು ಮೀರಬಾರದು ಎಂದು ಕುದುರೆ ಬಲ್ಲವರು ಹೇಳುತ್ತಾರೆ. ನಾನೂರು ಕೆಜಿಯ ಕುದುರೆಗೆ ಎಂಬತ್ತು ಕೆಜಿ. ನಿನ್ನ ತೂಕ ಈಗಲೇ ಅದರೊಳಗಿದೆ. ಹಾಗಾಗಿ ತಕ್ಕಡಿಗಿಂತ ದೊಡ್ಡ ಪ್ರಶ್ನೆ ಬೇರೆ ಇದೆ: ಅರ್ಧ ಗಂಟೆಯಾದ ಮೇಲೆ ನೀನು ಹೇಗೆ ಕೂತಿರುತ್ತೀಯ? ಸೊಂಟ, ಹೊಟ್ಟೆ, ತೊಡೆಯ ಒಳಭಾಗ ದಣಿದ ಸವಾರ ಕುದುರೆಯ ಕುಕ್ಕುಲೋಟವಾದ ಟ್ರಾಟ್‌ನ ಪ್ರತಿ ಕುಕ್ಕಿಗೂ ಧೊಪ್ಪೆಂದು ಬೀಳುತ್ತಾನೆ, ಬೀಳುವುದು ಕುದುರೆಯ ಬೆನ್ನಿನ ಮೇಲೆ. ಸಮತೋಲ ತಪ್ಪಿದಾಗ ಕೈ ಲಗಾಮನ್ನು ಜಗ್ಗುತ್ತದೆ, ನೋಯುವುದು ಅದರ ಬಾಯಿ. ಐವತ್ತು ಕೆಜಿಯ ದಣಿದವನಿಗಿಂತ ಎಪ್ಪತ್ತು ಕೆಜಿಯ ಗಟ್ಟಿಗ ಅದಕ್ಕೆ ಹಗುರ. ಆದ್ದರಿಂದ ದಂಡದ ಲೆಕ್ಕ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ. ಬಸ್ಕಿ ಬಿಡಬೇಡ, ಒಂಟಿ ಕಾಲಿನ ಮೇಲೆ ನಿಲ್ಲುವುದು ಬಿಡಬೇಡ, ಸೊಂಟ ಸಡಿಲಿಸುವ ಆಸನಗಳನ್ನು ಬಿಡಬೇಡ.

ಕೈಯ ವಿಷಯ ಬೇರೆಯಾಗಿಯೇ ಹೇಳಬೇಕು. ಜೂಡೋ ನಿನಗೆ ಕೊರಳಪಟ್ಟಿಯನ್ನು ಬಿಡದ ಹಾಗೆ ಹಿಡಿಯುವುದನ್ನು ಕಲಿಸುತ್ತದೆ. ಲಗಾಮು ಅದಕ್ಕೆ ತದ್ವಿರುದ್ಧ ಕೇಳುತ್ತದೆ. ಹಣ್ಣಾದ ರೇಷ್ಮೆ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವಾಗ ನಿನ್ನಜ್ಜಿಯ ಬೆರಳುಗಳು ಹೇಗಿರುತ್ತಿದ್ದವು, ನೆನಪಿದೆಯಾ? ಹುಳು ಜಾರಬಾರದು, ನಲುಗಲೂ ಬಾರದು. ಹಾಗೆ ಹಿಡಿ. ಶನಿವಾರ ರಾತ್ರಿ ಒಂದೂವರೆ ಗಂಟೆ ಪಟ್ಟು ಹಿಡಿದ ಮುಂಗೈ ಭಾನುವಾರ ಬೆಳಿಗ್ಗೆ ಹಾಗೆ ಹಿಡಿಯಲಾರದು. ಸವಾರಿಯ ಹಿಂದಿನ ದಿನ ಕಾಳಗ ಬೇಡ. ಓಟ ಬೇಕಾದರೆ ಮೆಲ್ಲಗೆ ಓಡು.

ಇದೆಲ್ಲ ಹೊಸ ಕಾಲದ ಹುಚ್ಚು ಎಂದು ಯಾರಾದರೂ ಅಂದರೆ ಬೇಸರಿಸಬೇಡ. ಕಲ್ಯಾಣದ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಕುದುರೆಯ ಮೇಲೆ ಚೆಂಡಾಡುವ ವಾಜಿವಾಹ್ಯಾಲಿ ವಿನೋದವೂ ಇದೆ, ಕುಸ್ತಿಯ ಮಲ್ಲವಿನೋದವೂ ಇದೆ. ಎರಡನ್ನೂ ಅವನು ಅರಸನ ವಿನೋದಗಳ ಸಾಲಿನಲ್ಲೇ ಸೇರಿಸಿದ. ಮಲ್ಲರ ಸಾಧನೆಯನ್ನು ಹೇಳುವಾಗ ಭಾರ ಎತ್ತುವ ಭಾರಶ್ರಮ, ದೂರ ನಡೆಯುವ ಭ್ರಮಣಶ್ರಮ, ನೀರಿನಲ್ಲಿ ಈಜುವ ಸಲಿಲಶ್ರಮ, ಕಂಬದ ಮೇಲೆ ಮಾಡುವ ಸ್ತಂಭಶ್ರಮ ಎಂದು ಬೇರೆ ಬೇರೆಯಾಗಿ ಹೆಸರಿಸಿದ್ದಾನೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸುತ್ತಾನೆ. ಎಲ್ಲರಿಗೂ ಒಂದೇ ಅಳತೆಗೋಲು ಸಲ್ಲದು ಎಂಬುದು ಅಂದಿಗೇ ಗೊತ್ತಿತ್ತು. ಫೋನಿನಲ್ಲಿ ಯಾರೋ ಮಾಡಿ ತೋರಿಸಿದ್ದು ನಿನ್ನ ಮೈಗೆ ಅಳತೆಯಾಗಬೇಕಿಲ್ಲ.

ನಮ್ಮೂರಿನ ಜಟ್ಟಿಗಳ ವಿಷಯ ನಿನಗೆ ಹೇಳಲೇಬೇಕು. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ಮೈಸೂರು, ಬೆಂಗಳೂರು, ಚಾಮರಾಜನಗರದ ಜೊತೆಗೆ ಚನ್ನಪಟ್ಟಣದಿಂದಲೂ ಜಟ್ಟಿಗಳು ಹೋಗುತ್ತಾರೆ. ತಲೆ ಬೋಳಿಸಿ, ಬೆರಳಿಗೆ ಮೊನೆಯ ಮುಷ್ಟಿ ತೊಟ್ಟು ಎದುರಾಗುತ್ತಾರೆ. ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿತೋ, ಅಲ್ಲಿಗೆ ಕಾಳಗ ಮುಗಿಯಿತು. ತಿಂಗಳುಗಟ್ಟಲೆ ಸಾಮು ಮಾಡಿ ಬಂದವರು ಕೆಲವೇ ಕ್ಷಣಗಳಲ್ಲಿ ಕೈ ಇಳಿಸುತ್ತಾರೆ. ಅದೇ ಜಟ್ಟಿ ಮನೆತನಗಳು ಮೈ ನೀವುವುದಕ್ಕೆ, ಉಳುಕು ತೆಗೆಯುವುದಕ್ಕೆ ಹೆಸರಾದವು. ಹೊಡೆಯುವ ಕೈಯೇ ವಾಸಿಮಾಡುವ ಕೈಯಾಗಿತ್ತು. ನನಗೆ ಅವರ ಗೆಲುವಿಗಿಂತ ಆ ಕೈ ಇಳಿಸುವ ಗಳಿಗೆ ದೊಡ್ಡದಾಗಿ ಕಾಣುತ್ತದೆ.

ಏಕೆಂದರೆ ನಾನು ಒಮ್ಮೆ ಕೈ ಇಳಿಸಲಿಲ್ಲ. ಗರಡಿಯಲ್ಲಿ ಜೊತೆಯ ಹುಡುಗನ ತೋಳನ್ನು ತಿರುಚಿ ಹಿಡಿದಿದ್ದೆ. ಅವನು ಸಾಕೆಂದು ಮಟ್ಟಿಯ ಮೇಲೆ ಕೈ ತಟ್ಟಿದ. ದಣಿವಿನಲ್ಲಿ, ಗೆಲ್ಲುವ ಅವಸರದಲ್ಲಿ ಇನ್ನೊಂದು ಎಳೆತ ಎಳೆದೆ. ಅವನ ಆ ತೋಳು ಮತ್ತೆ ಕಿವಿಯಿಂದ ಮೇಲೆ ಏಳಲಿಲ್ಲ. ಅವನು ಬದುಕಿರುವವರೆಗೂ ಮದುವೆ ಮುಂಜಿಗಳಲ್ಲಿ ಎದುರಾದಾಗ ನಕ್ಕೇ ಮಾತಾಡಿಸುತ್ತಿದ್ದ. ನಾನು ಮಾತ್ರ ಅವನ ಆ ಭುಜವನ್ನೇ ನೋಡುತ್ತಿದ್ದೆ. ಎದುರಿನವಳು ತಟ್ಟಿದ ತಕ್ಷಣ ಬಿಡು ಮಗಳೇ. ತಟ್ಟುವುದಕ್ಕೆ ಮುಂಚೆ ಬಿಡಬಹುದಾದರೆ ಇನ್ನೂ ಒಳ್ಳೆಯದು. ನಿನ್ನ ತೋಳು ಸಿಕ್ಕಿಬಿದ್ದಾಗ ನೀನೂ ನಾಚದೆ ತಟ್ಟು.

ಜೂಡೋದಲ್ಲಿ ಮೊದಲು ಕಲಿಸುವುದು ಬೀಳುವುದನ್ನು. ಕುದುರೆ ಹತ್ತುವವಳಿಗೆ ಅದರಷ್ಟು ಉಪಕಾರ ಮಾಡುವ ವಿದ್ಯೆ ಬೇರೆ ಇಲ್ಲ. ಗದ್ದ ಎದೆಗೊತ್ತಿ, ಮೈ ಗುಂಡಾಗಿಸಿ ಉರುಳುವುದು ಅಭ್ಯಾಸವಾಗಿದ್ದರೆ ಕೈ ಚಾಚಿ ಮಣಿಕಟ್ಟು ಮುರಿದುಕೊಳ್ಳುವುದು ಬಹಳ ಮಟ್ಟಿಗೆ ತಪ್ಪುತ್ತದೆ. ಆದರೆ ತಲೆಗೆ ಪೆಟ್ಟಾದರೆ ಯಾವ ವಿದ್ಯೆಯೂ ಅಡ್ಡ ಬರುವುದಿಲ್ಲ. ಹೆಲ್ಮೆಟ್ ಇಲ್ಲದೆ ಹತ್ತಬೇಡ. ಜೋರಾಗಿ ನೆಲಕ್ಕೆ ಬಡಿದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸು. ತಲೆ ಸುತ್ತು, ವಾಂತಿ, ಕಣ್ಣು ಮಂಜು, ಏನೇ ಕಂಡರೂ ಅಂದು ಮತ್ತೆ ಹತ್ತಬೇಡ, ಚಾಪೆಗೂ ಇಳಿಯಬೇಡ, ಡಾಕ್ಟರ ಬಳಿ ಹೋಗು. ‘ಬಿದ್ದ ಕೂಡಲೇ ಮತ್ತೆ ಹತ್ತಿದರೇನೇ ಧೈರ್ಯ’ ಎಂದು ಯಾರಾದರೂ ಹುರಿದುಂಬಿಸಿದರೆ ಕಿವಿಗೆ ಹಾಕಿಕೊಳ್ಳಬೇಡ.

ಊಟದ ಮಾತಿಗೆ ಬರುತ್ತೇನೆ. ತೂಕ ಇಳಿಸಬೇಕೆಂದು ನೀನು ರಾತ್ರಿ ಮುದ್ದೆ ಬಿಟ್ಟಿದ್ದೀಯೆಂದು ನಿನ್ನಮ್ಮ ಹೇಳಿದಳು. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಎನ್ನುವ ಗಾದೆ ಬೆಟ್ಟಗಳ ನಡುವೆ ಹುಟ್ಟಿದ ನಮಗೆ ಸುಮ್ಮನೆ ಬಂದದ್ದಲ್ಲ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ. ಮೂಳೆಯ ಮೇಲೆ ಭಾರ ಹಾಕುವ ಎರಡೆರಡು ವಿದ್ಯೆ ಹಿಡಿದವಳು ಅದನ್ನು ಬಿಡುವುದು ಸರಿಯಲ್ಲ. ನೂರು ಗ್ರಾಂ ಹುರುಳಿಯಲ್ಲಿ ಇಪ್ಪತ್ತು ಗ್ರಾಂಗೂ ಹೆಚ್ಚು ಪ್ರೊಟೀನ್. ಹೊಟ್ಟೆ ಕಟ್ಟಿ ಇಳಿಸಿದ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ, ಆಗ ಕುದುರೆಯ ಮೇಲೆ ಮತ್ತೆ ಧೊಪ್ಪೆಂದು ಬೀಳುತ್ತೀಯ. ಇನ್ನೊಂದು ಮಾತು, ಗಂಡಸರು ಹೇಳಲು ಹಿಂಜರಿಯುವಂಥದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಮೂರನೇ ಕಿಲೋಮೀಟರಿಗೆ ನಿನಗೆ ಏದುಸಿರು ಬರುವುದು ಸೋಮಾರಿತನದಿಂದಲೇ ಎಂದು ಬೈದುಕೊಳ್ಳುವ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸು. ಹನ್ನೆರಡಕ್ಕಿಂತ ಕಡಿಮೆಯಿದ್ದರೆ ಮೊದಲು ಅದಕ್ಕೆ ಔಷಧ, ಆಮೇಲೆ ಓಟ. ತಿಂಗಳ ಆ ದಿನಗಳಲ್ಲಿ ಮೈ ಬೇಡ ಎಂದರೆ ಬೇಡ.

ಓಡಲು ನಮಗೆ ಜಾಗಕ್ಕೆ ಬರವಿಲ್ಲ. ರಾಮದೇವರ ಬೆಟ್ಟದ ಮೆಟ್ಟಿಲುಗಳಷ್ಟು ಒಳ್ಳೆಯ ಜಿಮ್ ಬೇರೆ ಇಲ್ಲ. ಅಲ್ಲಿ 2012ರಿಂದ ರಣಹದ್ದುಗಳ ವನ್ಯಧಾಮವಿದೆ, ಕೂಗಾಟ ಹಾಡು ಬೇಡ. ಮಾಗಡಿಯ ಸಾವನದುರ್ಗ ಸಮುದ್ರ ಮಟ್ಟದಿಂದ ಸುಮಾರು 1,226 ಮೀಟರ್ ಎತ್ತರ. ಒಂದೇ ಬಂಡೆ, ಮಳೆಯಲ್ಲಿ ನೆನೆದರೆ ಜಾರುತ್ತದೆ. ಕನಕಪುರದ ಕಡೆ ಕಬ್ಬಾಳು ಬೆಟ್ಟ ಇದೆ. ಎಲ್ಲಿಗಾದರೂ ಬೆಳಕು ಹರಿದ ಮೇಲೆ ಹೋಗು, ಜೊತೆಯಲ್ಲಿ ಹೋಗು. ಈ ಬೆಟ್ಟಗಳಲ್ಲಿ ಚಿರತೆ, ಕರಡಿ ಇವೆ, ಕನಕಪುರದ ಕಾಡಂಚಿನಲ್ಲಿ ಆನೆಗಳಿವೆ. ಈಜಬೇಕೆನಿಸಿದರೆ ಈಜುಕೊಳಕ್ಕೆ ಹೋಗು. ಸಂಗಮ, ಮೇಕೆದಾಟು, ಚುಂಚಿ ಜಲಪಾತದಲ್ಲಿ ನೀರಿಗಿಳಿದ ಎಷ್ಟೋ ಮಕ್ಕಳು ಮನೆಗೆ ಮರಳಿಲ್ಲ. ಅವರಲ್ಲಿ ಈಜು ಬಲ್ಲವರೂ ಇದ್ದರು.

ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ನೇರವಾಗಿ ಲಾಯಕ್ಕೆ ಹೋಗುವುದನ್ನು ಮಾತ್ರ ನಾನು ಒಪ್ಪಲಾರೆ. ಮೈ ಗಟ್ಟಿಯಾಗುವುದು ಸಾಮು ಮಾಡುವಾಗ ಅಲ್ಲ, ಮಲಗಿದಾಗ. ರಾತ್ರಿ ಪಾಳಿಯ ವಾರ ಒಂದು ವಿದ್ಯೆಯನ್ನು ಪೂರ್ತಿ ಬಿಟ್ಟುಬಿಡು. ಯಾವುದನ್ನು ಬಿಡುವುದೆಂದು ನೀನೇ ಆರಿಸಿಕೊ, ಆದರೆ ಬಿಡು. ನಿದ್ದೆಗೆಟ್ಟು ಹತ್ತಿದವಳ ಹೆದರಿಕೆಯೂ ಸಿಡುಕೂ ಅವಳಿಗಿಂತ ಮೊದಲು ಕುದುರೆಗೆ ಗೊತ್ತಾಗುತ್ತದೆ.

ಬೆಂಗಳೂರಿನ ಕುದುರೆ ಸವಾರ ಫವಾದ್ ಮಿರ್ಜಾ ಹೆಸರು ನಿನಗೆ ಬಾಯಿಪಾಠ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನ ಇವೆಂಟಿಂಗ್‌ನಲ್ಲಿ ಬೆಳ್ಳಿ ಗೆದ್ದರು. 1982ರ ನಂತರ ಕುದುರೆ ಸವಾರಿಯಲ್ಲಿ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಪದಕ ಅದು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೆಯವರಾದರು. ಎರಡೂ ಕಡೆ ಕುದುರೆ ಒಂದೇ, ಸೆನ್ಯೋರ್ ಮೆಡಿಕಾಟ್. ಫಲಿತಾಂಶದ ಪಟ್ಟಿಯಲ್ಲಿ ಸವಾರನ ಪಕ್ಕದಲ್ಲೇ ಕುದುರೆಯ ಹೆಸರೂ ಇರುತ್ತದೆ. ಆ ಸ್ಪರ್ಧೆಗಳಲ್ಲಿ ಕುದುರೆಯನ್ನು ಪಶುವೈದ್ಯರ ಮುಂದೆ ಓಡಿಸಿ ತೋರಿಸಬೇಕು. ಅದು ಕುಂಟಿದರೆ ಸವಾರ ಎಷ್ಟೇ ಗಟ್ಟಿಗನಾಗಿದ್ದರೂ ಅವನ ಸ್ಪರ್ಧೆ ಅಲ್ಲಿಗೇ ನಿಲ್ಲುತ್ತದೆ.

ನಿನಗೆ ವರ್ಷ ತುಂಬಿದಾಗ ನಾನು ತಂದುಕೊಟ್ಟದ್ದು ಹಾಲೆ ಮರದ ಕುದುರೆ, ಕೆಂಪು ಅರಗಿನ ಬಣ್ಣದ್ದು. ಅದರ ಮೇಲೆ ನೀನು ಎಷ್ಟು ಕುಣಿದರೂ ಅದಕ್ಕೆ ನೋವಾಗುತ್ತಿರಲಿಲ್ಲ. ಈಗ ಹತ್ತುತ್ತಿರುವುದು ಅದಲ್ಲ ಮಗಳೇ. ಈ ಭಾನುವಾರ ಜೀನು ಬಿಗಿಯುವ ಮೊದಲು ಅದರ ಬೆನ್ನಿನ ಮೇಲೆ, ಹೊಟ್ಟೆಪಟ್ಟಿ ಬೀಳುವ ಜಾಗದಲ್ಲಿ, ನಾಲ್ಕೂ ಕಾಲುಗಳ ಕೆಳಗಿನವರೆಗೆ ಬರಿಗೈ ಆಡಿಸಿ ನೋಡು. ಎಲ್ಲಾದರೂ ಬಿಸಿಯಾಗಿದ್ದರೆ, ಊದಿದ್ದರೆ, ಮುಟ್ಟಿದಾಗ ಅದು ಮೈ ಸೆಳೆದುಕೊಂಡರೆ ಅಂದು ಹತ್ತಬೇಡ. ಅಲ್ಲಿಯವರಿಗೆ ಹೇಳಿ, ನೀರು ಕುಡಿಸಿ, ನೆರಳಿನಲ್ಲಿ ಕಟ್ಟಿ ಬಾ.