ದೂರವಾಣಿಯ ಕಿರುಕುಳ: ನಾಚಬೇಕಾದವರು ಯಾರು?



ರಾತ್ರಿ ಹತ್ತು ಗಂಟೆ. ಮನೆಯವರೆಲ್ಲ ಮಲಗುವ ಹೊತ್ತು. ಕಾಲೇಜಿಗೆ ಹೋಗುವ ಮಗಳ ಫೋನು ಮತ್ತೆ ಮತ್ತೆ ಬಡಿದುಕೊಳ್ಳುತ್ತದೆ. ಅವಳು ಎತ್ತುವುದಿಲ್ಲ, ಎತ್ತಿದರೆ ಕೇಳಬಾರದ ಮಾತು ಕೇಳಬೇಕಾಗುತ್ತದೆ. ಕೊನೆಗೊಂದು ದಿನ ವಿಷಯ ತಿಳಿದಾಗ ತಂದೆಯ ಮೊದಲ ಪ್ರಶ್ನೆ: "ನಿನ್ನ ನಂಬರು ಅವನಿಗೆ ಹೇಗೆ ಸಿಕ್ಕಿತು?" ತಾಯಿಯ ಸಲಹೆ: "ಯಾರಿಗೂ ಹೇಳಬೇಡ ಮಗಳೇ, ಸಿಮ್ ಬದಲಾಯಿಸಿಬಿಡು." ತಪ್ಪು ಮಾಡಿದವನು ನೆಮ್ಮದಿಯಿಂದ ಮಲಗುತ್ತಾನೆ, ತಪ್ಪು ಮಾಡದವಳು ತಲೆ ತಗ್ಗಿಸುತ್ತಾಳೆ. ಇಂಥ ಮನೆಗಳು ನಮ್ಮ ನಡುವೆ ಇಲ್ಲವೆಂದು ಹೇಳಬಲ್ಲೆವೇ?

ಈ ವಿಷಯದಲ್ಲಿ ನಮ್ಮ ದೇಶದ ಕಾನೂನು ಸ್ಪಷ್ಟವಾಗಿದೆ. 2024ರ ಜುಲೈ 1ರಿಂದ ಹಳೆಯ ಭಾರತೀಯ ದಂಡ ಸಂಹಿತೆಯ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರಲ್ಲಿ ಮೂರು ಕಲಮುಗಳನ್ನು ಪ್ರತಿಯೊಂದು ಕುಟುಂಬವೂ ತಿಳಿದಿರಬೇಕು.

ಮೊದಲನೆಯದು 79ನೇ ಕಲಮು. ಸ್ತ್ರೀಯ ಮಾನಕ್ಕೆ ಕುಂದು ತರುವ ಉದ್ದೇಶದಿಂದ ಆಡಿದ ಮಾತು, ಅಷ್ಟೇಕೆ, ಮಾಡಿದ ಸದ್ದು ಕೂಡ ಅಪರಾಧ. ಮೂರು ವರ್ಷಗಳವರೆಗೆ ಸಾದಾ ಸಜೆ ಮತ್ತು ದಂಡ ವಿಧಿಸಬಹುದು.

ಎರಡನೆಯದು 78ನೇ ಕಲಮು. ತನಗೆ ಇಷ್ಟವಿಲ್ಲವೆಂದು ಹೆಣ್ಣು ಸ್ಪಷ್ಟವಾಗಿ ತೋರಿಸಿದ ಮೇಲೂ ಪುರುಷನೊಬ್ಬನು ಬೆನ್ನುಬಿದ್ದು ಪದೇಪದೇ ಸಂಪರ್ಕಿಸಿದರೆ ಮೊದಲ ಬಾರಿಗೆ ಮೂರು ವರ್ಷಗಳವರೆಗೆ, ಮತ್ತೆ ಅದೇ ಅಪರಾಧ ಮಾಡಿದರೆ ಐದು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ.

ಮೂರನೆಯದು 351ನೇ ಕಲಮು. ಇದು ಗಂಡು ಹೆಣ್ಣೆಂಬ ಭೇದವಿಲ್ಲದೆ ಎಲ್ಲರಿಗೂ ರಕ್ಷಣೆ. ದೇಹಕ್ಕೆ, ಆಸ್ತಿಗೆ ಅಥವಾ ಮಾನಕ್ಕೆ ಹಾನಿ ಮಾಡುವೆನೆಂದು ಹೆದರಿಸಿದರೆ ಎರಡು ವರ್ಷಗಳವರೆಗೆ ಸೆರೆವಾಸ, ಅಥವಾ ದಂಡ, ಅಥವಾ ಎರಡೂ. ಕೊಲ್ಲುವ ಬೆದರಿಕೆಯಾದರೆ ಏಳು ವರ್ಷಗಳವರೆಗೆ. ಹೆಸರು ಮರೆಮಾಚಿ ಬೆದರಿಸಿದವನಿಗೆ ಇವುಗಳ ಜೊತೆಗೆ ಇನ್ನೂ ಎರಡು ವರ್ಷಗಳವರೆಗೆ ಶಿಕ್ಷೆ ಸೇರಬಹುದು. ಅಡಗಿ ಕುಳಿತು ಹೆದರಿಸುವುದನ್ನು ಕಾನೂನು ಹೆಚ್ಚು ಕೆಟ್ಟದ್ದೆಂದು ಎಣಿಸುತ್ತದೆ.

ಹಾಗೆಂದು ಬೇಸರ ತರುವ ಪ್ರತಿಯೊಂದು ಕರೆಯೂ ಅಪರಾಧವಲ್ಲ. ಕಿರಿಕಿರಿ ಉಂಟುಮಾಡುವ ಸಂದೇಶಗಳನ್ನೂ ಶಿಕ್ಷಿಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರಲ್ಲಿ ರದ್ದುಪಡಿಸಿತು. ಅದರ ಮಾತುಗಳು ತೀರ ಅಸ್ಪಷ್ಟವಾಗಿದ್ದವು. ಆದ್ದರಿಂದ ಉದ್ದೇಶವೇನು, ಬೆದರಿಕೆ ಇತ್ತೇ, ಬೇಡವೆಂದ ಮೇಲೂ ಕರೆ ಬಂತೇ ಎಂಬ ಪ್ರಶ್ನೆಗಳು ಮುಖ್ಯವಾಗುತ್ತವೆ.

ಇವಕ್ಕೆ ಉತ್ತರ ಕೊಡಬೇಕಾದವರು ಮನೆಯವರೇ. "ಇನ್ನು ಮುಂದೆ ಕರೆ ಮಾಡಬೇಡಿ" ಎಂದು ಒಮ್ಮೆ ಸ್ಪಷ್ಟವಾಗಿ ಹೇಳಿ; ಬಳಿಕ ವಾದಕ್ಕಿಳಿಯಬೇಡಿ. ಕರೆ ಬಂದ ದಿನಾಂಕ, ಸಮಯ, ನಂಬರು ಬರೆದಿಡಿ. ಸಂದೇಶಗಳನ್ನು ಅಳಿಸಬೇಡಿ. ಗಾಬರಿಯಲ್ಲಿ ಎಲ್ಲವನ್ನೂ ಅಳಿಸಿ ಸಿಮ್ ಎಸೆದರೆ ನಿಮ್ಮ ಕೈಯಲ್ಲಿದ್ದ ಸಾಕ್ಷ್ಯವೂ ಹೋಗುತ್ತದೆ. ದೂರನ್ನು ಯಾವ ಪೊಲೀಸ್ ಠಾಣೆಯಲ್ಲಾದರೂ ಕೊಡಬಹುದು. 78 ಮತ್ತು 79ನೇ ಕಲಮುಗಳ ದೂರನ್ನು ಹೆಣ್ಣುಮಗಳು ಕೊಡುವಾಗ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ಎಫ್.ಐ.ಆರ್. ಪ್ರತಿಯನ್ನು ಉಚಿತವಾಗಿ ಕೊಡಬೇಕು. ತುರ್ತು ಸಹಾಯಕ್ಕೆ 112, ಮಹಿಳೆಯರಿಗೆ 181 ಇವೆ.

"ಕ್ಷಮಿಸಿಬಿಡುವುದು ಒಳ್ಳೆಯದಲ್ಲವೇ ಸ್ವಾಮಿ?" ಎಂದು ಕೇಳುವವರುಂಟು. ಕ್ಷಮೆ ಬೇರೆ, ಬಾಯಿ ಮುಚ್ಚಿಕೊಂಡಿರುವುದು ಬೇರೆ. ದ್ವೇಷವಿಲ್ಲದೆಯೂ ದೂರು ಕೊಡಬಹುದು. ನಿಮ್ಮ ಮೌನದಿಂದ ಧೈರ್ಯ ಪಡೆದವನು ನಾಳೆ ಮತ್ತೊಂದು ಮನೆಗೆ ಕರೆ ಮಾಡುತ್ತಾನೆ.

ತಂದೆತಾಯಂದಿರೇ, ಕೊನೆಯದಾಗಿ ಒಂದು ಮಾತು. ಆ ಕಡೆಯ ಫೋನು ಹಿಡಿದಿರುವವನೂ ಯಾವುದೋ ಮನೆಯ ಮಗನೇ. ಗೆಳೆಯರೊಂದಿಗೆ ತಮಾಷೆಗೆಂದು ಮಾಡಿದ ಕರೆ ಜೈಲಿನ ಬಾಗಿಲವರೆಗೂ ಒಯ್ಯಬಹುದೆಂದು ಗಂಡುಮಕ್ಕಳಿಗೆ ತಿಳಿಸಿ; ಅದಕ್ಕಿಂತ ಮೊದಲು, ಆ ಕರೆಯಿಂದ ಒಂದು ಜೀವ ಎಷ್ಟು ನಡುಗುತ್ತದೆಂದು ತಿಳಿಸಿ. ಮತ್ತು ನಿಮ್ಮ ಮಗಳು ಅಳುತ್ತಾ ಬಂದರೆ "ನಿನ್ನ ನಂಬರು ಅವನಿಗೆ ಹೇಗೆ ಸಿಕ್ಕಿತು?" ಎನ್ನಬೇಡಿ. "ನಾವಿದ್ದೇವೆ, ನಾಳೆ ಬೆಳಿಗ್ಗೆ ಒಟ್ಟಿಗೆ ಠಾಣೆಗೆ ಹೋಗೋಣ" ಎನ್ನಿ.