ಮೂರು ಮಾತ್ರೆಗೂ ಇಳಿಯದ ರಕ್ತದೊತ್ತಡ: ರೋಗಿಯನ್ನು ಮುಂದಿನ ಆಸ್ಪತ್ರೆಗೆ ಕಳುಹಿಸುವ ಕ್ರಮ

ಅಧಿಕ ರಕ್ತದೊತ್ತಡವು ಸಾಮಾನ್ಯವಾಗಿ ನೋವು ತೋರದೆ ಮೆದುಳು, ಹೃದಯ, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ದುಡಿಯುವವರಿಗೆ ಲಕ್ವ ಹೊಡೆದರೆ ಇಡೀ ಸಂಸಾರವೇ ಕುಸಿಯುತ್ತದೆ. ಬಹುಪಾಲು ರೋಗಿಗಳಿಗೆ ಮಾತ್ರೆಗಳೇ ಸಾಕು. ಮೂತ್ರ ಹೆಚ್ಚಿಸುವ ಮಾತ್ರೆಯೂ ಸೇರಿ ಮೂರು ಬಗೆಯ ಔಷಧಗಳನ್ನು ಪೂರ್ಣ ಪ್ರಮಾಣದಲ್ಲಿ ಸೇವಿಸಿದರೂ ಒತ್ತಡವು 140/90ಕ್ಕಿಂತ ಕೆಳಗಿಳಿಯದಿದ್ದರೆ, ಅದನ್ನು ಔಷಧಕ್ಕೆ ಮಣಿಯದ ರಕ್ತದೊತ್ತಡ ಎನ್ನುತ್ತೇವೆ.

ಉಪಕರಣ ಚಿಕಿತ್ಸೆ ಎಂದರೇನು?

ಮೂತ್ರಪಿಂಡದ ಧಮನಿಗಳ ಸುತ್ತಲಿನ ನರಗಳು ಅತಿಯಾಗಿ ಉದ್ರೇಕಗೊಂಡರೆ ಒತ್ತಡ ಏರುತ್ತದೆ. ತೊಡೆಸಂದಿನ ಧಮನಿಯ ಮೂಲಕ ತೆಳುವಾದ ನಳಿಕೆಯನ್ನು ಅಲ್ಲಿಗೆ ಸಾಗಿಸಿ, ರೇಡಿಯೋ ತರಂಗ ಅಥವಾ ಶ್ರವಣಾತೀತ ತರಂಗಗಳಿಂದ ಆ ನರಗಳನ್ನು ನಿಷ್ಕ್ರಿಯಗೊಳಿಸುತ್ತಾರೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2023ರ ನವೆಂಬರಿನಲ್ಲಿ ಇಂತಹ ಎರಡು ಉಪಕರಣಗಳಿಗೆ ಒಪ್ಪಿಗೆ ನೀಡಿತು. ಇದರಿಂದ ಒತ್ತಡವು ಸರಾಸರಿಯಲ್ಲಿ ಅಲ್ಪಸ್ವಲ್ಪ ಇಳಿಯುತ್ತದೆ, ಎಲ್ಲರಲ್ಲಿಯೂ ಇಳಿಯದು. ಚಿಕಿತ್ಸೆಯಾದ ಮೇಲೂ ವೈದ್ಯರು ಹೇಳದೆ ಮಾತ್ರೆ ನಿಲ್ಲಿಸಬಾರದು.

ಕಳುಹಿಸುವ ಮುನ್ನ

1. ಅಳತೆ: ರೋಗಿಯನ್ನು 5 ನಿಮಿಷ ಸುಮ್ಮನೆ ಕೂರಿಸಿ, ತೋಳಿನ ಗಾತ್ರಕ್ಕೆ ತಕ್ಕ ಪಟ್ಟಿ ಕಟ್ಟಿ, ಎರಡು ಬಾರಿ ಅಳೆಯಿರಿ. ಕಾಯಿ ಸುಲಿದು ದಣಿದು ಬಂದವರನ್ನು ಕೂಡಲೇ ಅಳೆಯಬೇಡಿ. ಬೇರೆ ದಿನಗಳಲ್ಲಿಯೂ, ಸಾಧ್ಯವಾದರೆ ಮನೆಯಲ್ಲಿಯೂ ಅಳೆಯಿರಿ.

2. ಮಾತ್ರೆ: ಉಳಿದ ಮಾತ್ರೆಗಳನ್ನು ತರಿಸಿ ಎಣಿಸಿ. "ಈ ವಾರ ಎಷ್ಟು ದಿನ ತಪ್ಪಿತು?" ಎಂದು ಗದರಿಸದೆ ಕೇಳಿ. ಒತ್ತಡ ಇಳಿಯದಿರಲು ಎಷ್ಟೋ ವೇಳೆ ಕಾರಣ ಇಲ್ಲಿಯೇ ಸಿಗುತ್ತದೆ.

3. ಇತರ ಕಾರಣ: ಕೀಲುನೋವಿನ ಮಾತ್ರೆ, ಉಪ್ಪಿನಕಾಯಿ, ಹಪ್ಪಳ, ಮದ್ಯ, ಜೋರು ಗೊರಕೆ ಇವುಗಳನ್ನು ವಿಚಾರಿಸಿ.

4. ಪರೀಕ್ಷೆ: ರಕ್ತದ ಕ್ರಿಯಾಟಿನಿನ್, ಪೊಟ್ಯಾಸಿಯಂ, ಸಕ್ಕರೆ, ಮೂತ್ರದ ಆಲ್ಬುಮಿನ್ ಮತ್ತು ಇ.ಸಿ.ಜಿ. ಮಾಡಿಸಿ. ವೈದ್ಯರು ನಾಲ್ಕನೆಯ ಔಷಧವಾಗಿ ಸ್ಪೈರನೊಲ್ಯಾಕ್ಟೋನ್ ಕೊಡುವುದುಂಟು. ಅದು ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಿಸುತ್ತದೆ. ಎಳನೀರಿನಲ್ಲಿಯೂ ಪೊಟ್ಯಾಸಿಯಂ ಹೇರಳ. ನಮ್ಮ ತೆಂಗಿನ ಸೀಮೆಯಲ್ಲಿ ಈ ಮಾತ್ರೆ ನುಂಗುವವರೂ ಮೂತ್ರಪಿಂಡದ ರೋಗಿಗಳೂ ವೈದ್ಯರನ್ನು ಕೇಳದೆ ಎಳನೀರು ಕುಡಿಯಬಾರದು.

ಕಳುಹಿಸುವ ದಾರಿ

ಹುಳಿಯಾರು ಸುತ್ತಿನ ರೋಗಿಯನ್ನು ಮೊದಲು ಚಿಕ್ಕನಾಯಕನಹಳ್ಳಿ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ತುಮಕೂರು ಜಿಲ್ಲಾ ಆಸ್ಪತ್ರೆಯ ತಜ್ಞರಿಗೆ ಕಳುಹಿಸಬೇಕು. ಗ್ರಂಥಿದೋಷ, ಧಮನಿಯ ಕಿರಿದಾಗುವಿಕೆ ಇಲ್ಲವೆಂದು ಅವರು ಖಚಿತಪಡಿಸಿಕೊಂಡ ಬಳಿಕವೇ ಬೆಂಗಳೂರಿನ ಹೃದ್ರೋಗ ಆಸ್ಪತ್ರೆಯ ಮಾತು. ಚಿಕಿತ್ಸೆ ಅಲ್ಲಿ ದೊರೆಯುವುದೇ, ವೆಚ್ಚವೆಷ್ಟು, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಅದನ್ನು ಭರಿಸುವುದೇ ಎಂಬುದನ್ನು ಮೊದಲೇ ವಿಚಾರಿಸಿ. ತಿಳಿಯದೆ ತೋಟ ಅಡವಿಟ್ಟು ಹೊರಡುವ ಸ್ಥಿತಿ ಯಾರಿಗೂ ಬರಬಾರದು.

ಚೀಟಿಯಲ್ಲಿ ಒತ್ತಡದ ಅಳತೆಗಳು ದಿನಾಂಕಸಹಿತ, ಮಾತ್ರೆಗಳ ಹೆಸರು ಮತ್ತು ಪ್ರಮಾಣ, ಪರೀಕ್ಷೆಯ ಫಲಿತಾಂಶ, ಕಳುಹಿಸುವ ಕಾರಣ ಇರಲಿ. ಹೋದವರ ಹೆಸರನ್ನು ದಾಖಲೆ ಪುಸ್ತಕದಲ್ಲಿ ಬರೆದಿಟ್ಟು, 15 ದಿನಗಳೊಳಗೆ ಮನೆಗೆ ಭೇಟಿ ಕೊಡಿ.

ನೆನಪಿಡಿ

ಎದೆನೋವು, ಉಸಿರುಕಟ್ಟು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು ಕಂಡರೆ ಈ ಯಾವ ಹಂತಕ್ಕೂ ಕಾಯದೆ 108ಕ್ಕೆ ಕರೆ ಮಾಡಿ. ಗರ್ಭಿಣಿಯಲ್ಲಿ ಒತ್ತಡ 140/90 ಅಥವಾ ಹೆಚ್ಚಿದ್ದರೆ ಅಂದೇ ವೈದ್ಯರಿಗೆ ತೋರಿಸಿ. ಉಳಿದವರ ವಿಷಯದಲ್ಲಿ, ಸರಿಯಾಗಿ ಅಳೆದು, ಮಾತ್ರೆ ಎಣಿಸಿ, ಆಮೇಲೆ ಚೀಟಿ ಬರೆಯಿರಿ.